ಆಟಿಸಂ ಕೇಂದ್ರದಲ್ಲಿ ಹೆತ್ತವರ ಜಾಗ ಎಲ್ಲಿ?

ವಿಶ್ವವಿದ್ಯಾಲಯವೊಂದು ಆಟಿಸಂ ನೆರವು ಮತ್ತು ಸಂಶೋಧನಾ ಕೇಂದ್ರ ತೆರೆಯುತ್ತದೆ ಎಂದರೆ ಅದು ಸ್ವಾಗತಾರ್ಹ. ಆದರೆ ಅಲ್ಲಿ ಹೆತ್ತವರಿಗೆ ಯಾವ ಜಾಗವಿದೆ ಎಂದು ಮೊದಲೇ ಕೇಳಬೇಕು. ಹಾಗೆ ಕೇಳದಿದ್ದಾಗ ಏನಾಯಿತೆಂಬುದಕ್ಕೆ ಅಮೆರಿಕದಲ್ಲಿ ಉದಾಹರಣೆಯಿದೆ. ಷಿಕಾಗೊ ವಿಶ್ವವಿದ್ಯಾಲಯದ ವಸತಿ ಶಾಲೆಯ ಮುಖ್ಯಸ್ಥ ಬ್ರೂನೊ ಬೆಟಲ್‌ಹೈಮ್, ಹೆತ್ತವರ ಅಕ್ಕರೆಯ ಕೊರತೆಯೇ ಆಟಿಸಂಗೆ ಮೂಲ ಎಂದು 1967ರ ಪುಸ್ತಕದಲ್ಲಿ ವಾದಿಸಿದರು. ಮಗುವನ್ನು ಮನೆಯಿಂದ ದೂರವಿಡುವುದೇ ಚಿಕಿತ್ಸೆ ಎನಿಸಿಕೊಂಡಿತು. ಆಧಾರವಿಲ್ಲದ ಈ ಮಾತಿಗೆ ತೂಕ ಬಂದದ್ದು ದೊಡ್ಡ ವಿಶ್ವವಿದ್ಯಾಲಯದ ಹೆಸರಿನಿಂದ. ಆ ಕಳಂಕ ಹೊತ್ತು ಬದುಕಿದ ತಾಯಂದಿರಿಗೆ ಲೆಕ್ಕವಿಲ್ಲ.

ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ ಪಡೆದ ಎರಿಕ್ ಶಾಪ್ಲರ್ ಇದನ್ನು ಒಪ್ಪಲಿಲ್ಲ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಅವರು ತಾಯ್ತಂದೆಯರನ್ನೇ ಸಹಚಿಕಿತ್ಸಕರನ್ನಾಗಿ ಕೂರಿಸಿಕೊಂಡರು. ಹೆತ್ತವರು ಬೆನ್ನಿಗೆ ನಿಂತರು. 1972ರಲ್ಲಿ ಶಾಸನಸಭೆಯೇ ‘ಟೀಚ್’ ಎಂಬ ಆ ಯೋಜನೆಯನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿತು. ಅದರ ವಿಧಾನ ಮನೆಯಲ್ಲೇ ನಡೆಯುವಂಥದ್ದು. ಹಲ್ಲುಜ್ಜುವ ಬ್ರಷ್, ತಿಂಡಿ ತಟ್ಟೆ, ಶಾಲೆಯ ಚೀಲದ ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸುತ್ತಾರೆ. ಒಂದು ಕೆಲಸ ಮುಗಿದರೆ ಮಗು ಆ ಚಿತ್ರ ಕಿತ್ತು ಡಬ್ಬಿಗೆ ಹಾಕುತ್ತದೆ. ಮುಂದೇನು ಎಂಬುದು ಕಣ್ಣೆದುರೇ ಇರುವುದರಿಂದ ಗಾಬರಿ ಕಡಿಮೆ.

ವಿಶ್ವವಿದ್ಯಾಲಯದ ಕೆಲಸ ಸಂಶೋಧನೆ, ಸೇವೆ ಆಸ್ಪತ್ರೆಗಳಿಗೆ ಬಿಟ್ಟದ್ದು ಎನ್ನುವವರಿದ್ದಾರೆ. ಆಟಿಸಂ ವಿಷಯದಲ್ಲಿ ಈ ಗೆರೆ ನಿಲ್ಲದು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಹೆತ್ತವರಿಗೆ ಮಗುವಿನೊಡನೆ ಒಡನಾಡುವ ಬಗೆ ಹೇಳಿಕೊಟ್ಟರು. ಹೆತ್ತವರ ಸ್ಪಂದನೆ ಸುಧಾರಿಸಿತು, ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಪ್ರಯೋಗ ಸಣ್ಣದು, ನಿಜ. ಆದರೆ ಸೇವೆ ಕೊಡುತ್ತಲೇ ಸಿಕ್ಕ ಜ್ಞಾನ ಇದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಹೆತ್ತವರೇ ಚಿಕಿತ್ಸಕರಾದರೆ ಭಾರವೆಲ್ಲ ತಾಯಿಯ ಹೆಗಲಿಗೆ. ನಮ್ಮ ಮನೆಗಳಲ್ಲಿ ಹಾಗಾಗುವುದು ಖಂಡಿತ. ಅದಕ್ಕೇ ತರಬೇತಿ ಸಂಜೆ, ಭಾನುವಾರಗಳಲ್ಲೂ ನಡೆಯಬೇಕು; ಅಪ್ಪ, ಅಜ್ಜಿ, ಶಾಲೆಯ ಮೇಷ್ಟ್ರು ಎಲ್ಲರೂ ಬರಬೇಕು. ತಜ್ಞರ ಹೊಣೆ ಇದರಿಂದ ಇಳಿಯುವುದಿಲ್ಲ.

ಕರ್ನಾಟಕದಲ್ಲಿ ನಿಮ್ಹಾನ್ಸ್ ಇದೆ, 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ರಾಯಚೂರು, ಬೀದರ್‌ನ ಕೂಲಿಕಾರ ದಂಪತಿಗೆ ಎರಡೂ ದೂರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆಯಾದರೂ, ಗುರುತಿಸುವವರೇ ಹತ್ತಿರದಲ್ಲಿಲ್ಲದಿದ್ದರೆ ಹಕ್ಕು ಕೈಗೆ ಸಿಗುವುದಿಲ್ಲ. ನಮ್ಮ ಜಿಲ್ಲಾ ವಿಶ್ವವಿದ್ಯಾಲಯಗಳು ಇಂಥ ಕೇಂದ್ರಗಳನ್ನು ತೆರೆಯಲಿ. ಆಡಳಿತ ಮಂಡಳಿಯಲ್ಲಿ ಹೆತ್ತವರಿಗೂ ಆಟಿಸಂ ಇರುವ ವಯಸ್ಕರಿಗೂ ಸ್ಥಾನ ಕೊಡಲಿ. ಕಟ್ಟಡಕ್ಕೆ ಗುದ್ದಲಿ ಪೂಜೆ ಮಾಡುವ ಮೊದಲು ಅಂಗನವಾಡಿ ಕಾರ್ಯಕರ್ತೆಯರ ತರಬೇತಿ ಶುರುಮಾಡಲಿ.