ಅರ್ಧ ವ್ಯಾಟಿನ ಅಭ್ಯಾಸ

ಮನೆಯಲ್ಲಿ ಗಿಟಾರ್ ಇಟ್ಟುಕೊಂಡಿರುವ ಗೆಳೆಯರು ಭೇಟಿಯಾದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಈ ಫ್ಲ್ಯಾಟುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವುದಾದರೂ ಹೇಗೆ ಮಾರಾಯ್ರೆ?" ಮುಂಬೈ ಇರಲಿ, ಪುಣೆ ಇರಲಿ, ಹೈದರಾಬಾದ್ ಇರಲಿ, ಪಾಡು ಒಂದೇ. ಕಾಲೇಜಿನ ದಿನಗಳಲ್ಲಿ ಕೊಂಡ ಗಿಟಾರು ಬೀರುವಿನ ಮೇಲೆ ಧೂಳು ತಿನ್ನುತ್ತಿರುತ್ತದೆ. ಆಫೀಸಿನಿಂದ ಬರುವಷ್ಟರಲ್ಲಿ ರಾತ್ರಿ ಒಂಬತ್ತು, ಅದು ಮಗು ಮಲಗುವ ಹೊತ್ತು. ಗೋಡೆಯಾಚೆ ಒಂದು ಸಂಸಾರ, ನೆಲದ ಕೆಳಗೆ ಇನ್ನೊಂದು. ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ನಮ್ಮ ಫ್ಲ್ಯಾಟಿನ ನಂಬರು ಕಾಣಿಸಿಕೊಳ್ಳುವುದು ಯಾರಿಗೂ ಬೇಡ.

ಕಳೆದ ಆರು ವಾರ ನಾನು ಒಂದು ಡಿಜಿಟಲ್ ಮಾಡೆಲಿಂಗ್ ಆಂಪ್ಲಿಫೈಯರನ್ನು ಪರೀಕ್ಷಿಸಿ ನೋಡಿದೆ. ಬಾಸ್ ಕಂಪನಿಯ ಕಟಾನಾ 50, ಎರಡನೆಯ ಆವೃತ್ತಿ. ಆನ್‌ಸೈಟ್ ಕೆಲಸಕ್ಕೆ ಹೊರಟ ಗೆಳೆಯನೊಬ್ಬ "ಸುಮ್ಮನೆ ಬಿದ್ದಿರುತ್ತೆ, ನುಡಿಸ್ತಾ ಇರು" ಎಂದು ಕೊಟ್ಟುಹೋದದ್ದು. ನನ್ನ ಮುಂದೆ ಎರಡು ಪ್ರಶ್ನೆಗಳಿದ್ದವು. ಇದು ಮನೆಯ ಅಭ್ಯಾಸಕ್ಕೆ ಆಗುತ್ತದೆಯೇ? ನಾಲ್ಕು ಜನ ಕೂಡಿ ನುಡಿಸುವ ಜ್ಯಾಮಿಂಗಿಗೆ ಆಗುತ್ತದೆಯೇ? ಎರಡಕ್ಕೂ ಉತ್ತರ ಹೌದು. ಆದರೆ ಆ ಎರಡು ಹೌದುಗಳು ಒಂದೇ ತರಹದವಲ್ಲ.

ನನಗೆ ಈ ಪ್ರಶ್ನೆಗಳು ತುರ್ತಾಗಿದ್ದಕ್ಕೆ ಕಾರಣವಿದೆ. ನಮ್ಮದೊಂದು ನಾಲ್ವರ ಗುಂಪು. ಒಬ್ಬರು ಹಾರ್ಮೋನಿಯಂ ಹಿಡಿದು ಹಾಡುತ್ತಾರೆ, ಒಬ್ಬರು ಕಹೋನ್ ಬಾರಿಸುತ್ತಾರೆ, ಬ್ಯಾಂಕಿನಲ್ಲಿರುವ ಗೆಳೆಯ ಬೇಸ್ ಗಿಟಾರ್, ನಾನು ಗಿಟಾರ್. ಭಾನುವಾರ ಸಂಜೆ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಸೇರಿ ಶರೀಫರ ತತ್ವಪದ, ಭಾವಗೀತೆ ಎಂದು ನಮಗೆ ತೋಚಿದ ಹಾಗೆ ನುಡಿಸುತ್ತೇವೆ. ಈ ಸಲದ ರಾಜ್ಯೋತ್ಸವಕ್ಕೆ ನಮಗೆ ಇಪ್ಪತ್ತು ನಿಮಿಷ ಸಿಕ್ಕಿದೆ. ಜನವರಿಯಲ್ಲಿ ಬೇಸ್ ಗೆಳೆಯನಿಗೆ ಹುಬ್ಬಳ್ಳಿಗೆ ವರ್ಗ. ಹಾಗಾಗಿ ನಾಲ್ವರೂ ಒಂದೇ ವೇದಿಕೆಯ ಮೇಲೆ ನಿಲ್ಲುವುದು ಬಹುಶಃ ಇದೇ ಕೊನೆ. ಚೆನ್ನಾಗಿ ಆಗಬೇಕು ಎಂಬ ಆಸೆ ಎಲ್ಲರಿಗೂ ಇದೆ, ಅಭ್ಯಾಸಕ್ಕೆ ಹೊತ್ತು ಯಾರಿಗೂ ಇಲ್ಲ.

ಮಾಡೆಲಿಂಗ್ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ಲಿಫೈಯರ್ ಬರೀ ಧ್ವನಿವರ್ಧಕವಲ್ಲ, ಅರ್ಧ ವಾದ್ಯವೇ ಅದು. ಐವತ್ತು ಅರವತ್ತರ ದಶಕಗಳ ಫೆಂಡರ್, ವಾಕ್ಸ್, ಮಾರ್ಷಲ್ ಪೆಟ್ಟಿಗೆಗಳಲ್ಲಿ ಗಾಜಿನ ವಾಲ್ವುಗಳಿದ್ದವು. ಅವುಗಳ ಶಕ್ತಿಗೆ ಮೀರಿ ದುಡಿಸಿದರೆ ಧ್ವನಿ ಒಡೆಯುತ್ತಿತ್ತು. ಆ ಒಡೆದ ಧ್ವನಿಯನ್ನೇ ಜನ ಮೆಚ್ಚಿಕೊಂಡರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ಅಂಥ ಧ್ವನಿ ಹೊರಡಿಸಿದ ಕಥೆ ರಾಕ್ ಪ್ರಿಯರಿಗೆಲ್ಲ ಗೊತ್ತು. ತೊಂದರೆ ಏನೆಂದರೆ, ವಾಲ್ವಿನ ಆ ಸೊಗಸು ಬರಬೇಕಾದರೆ ವಾಲ್ಯೂಮ್ ಏರಿಸಲೇಬೇಕು. ಮೆಲ್ಲಗೆ ನುಡಿಸಿದರೆ ಅದು ಬಾಯಿ ಬಿಡುವುದಿಲ್ಲ.

ಇಲ್ಲಿ ಕಂಪ್ಯೂಟರ್ ಬಂತು. ಲೈನ್ 6 ಎಂಬ ಅಮೆರಿಕದ ಕಂಪನಿ 1996ರಲ್ಲಿ ಆಕ್ಸಿಸ್ 212 ಎಂಬ ಮಾಡೆಲಿಂಗ್ ಆಂಪ್ಲಿಫೈಯರನ್ನೂ, 1998ರಲ್ಲಿ ಪಾಡ್ ಎಂಬ ಕೆಂಪು ಬಣ್ಣದ ಪುಟ್ಟ ಡಬ್ಬಿಯನ್ನೂ ತಂದಿತು. ತಂತಿಯ ಸಿಗ್ನಲನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಅಳೆದು, ಆ ಅಂಕಿಗಳ ಮೇಲೆ 'ವಾಲ್ವ್ ಇದ್ದಿದ್ದರೆ ಏನು ಮಾಡುತ್ತಿತ್ತು' ಎಂಬ ಲೆಕ್ಕ ಹಾಕಿ, ಮತ್ತೆ ಧ್ವನಿಯಾಗಿ ಹೊರಗೆ ಬಿಡುವುದೇ ಮಾಡೆಲಿಂಗ್. ನಮ್ಮ ವೃತ್ತಿಯವರಿಗೆ ಒಂದೇ ಮಾತು ಸಾಕು: ಒಂದು ಸರ್ವರಿನ ಮೇಲೆ ಐದು ವರ್ಚುವಲ್ ಮಷೀನ್ ಓಡಿಸಿದ ಹಾಗೆ.

ಹೆಡ್‌ಫೋನಿನಲ್ಲಿ ಸ್ಪೀಕರ್ ಪೆಟ್ಟಿಗೆಯ ಧ್ವನಿ ಬರುವುದು ಹೇಗೆ ಎಂದು ಕೇಳುವವರಿಗೆ ನಾನು ಗೋಲಗುಮ್ಮಟದ ಉದಾಹರಣೆ ಕೊಡುತ್ತೇನೆ. ಅಲ್ಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ತಟ್ಟಿ, ಅದರ ಪ್ರತಿಧ್ವನಿಯನ್ನೆಲ್ಲ ರೆಕಾರ್ಡ್ ಮಾಡಿಕೊಂಡಿರಿ ಅನ್ನಿ. ಆ ಒಂದು ಚಪ್ಪಾಳೆಯಲ್ಲಿ ಆ ಜಾಗದ ಗುಣವೆಲ್ಲ ಅಡಗಿರುತ್ತದೆ. ಅದನ್ನು ಹಿಡಿದು ಲೆಕ್ಕ ಹಾಕಿದರೆ, ಪುಣೆಯಲ್ಲಿ ಕೂತು ಹಾಡಿದ್ದು ವಿಜಯಪುರದಲ್ಲಿ ಹಾಡಿದಂತೆ ಕೇಳಿಸಬಹುದು. ಇದನ್ನು ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ. ಗುಮ್ಮಟದ ಜಾಗದಲ್ಲಿ ಸ್ಪೀಕರ್ ಪೆಟ್ಟಿಗೆ ಮತ್ತು ಮೈಕನ್ನು ಇಟ್ಟುಕೊಳ್ಳಿ, ಅಷ್ಟೇ.

ಈಗ ಅಭ್ಯಾಸದ ವಿಷಯ. ಕಟಾನಾದ ಹಿಂದೆ ಮುಂದೆ ನೋಡಿದರೆ ಹೆದರಿಸುವಂಥದ್ದು ಏನೂ ಇಲ್ಲ. 12 ಇಂಚಿನ ಒಂದು ಸ್ಪೀಕರು, ಐದು ಬಗೆಯ ಧ್ವನಿ, ಬೇಸ್, ಮಿಡಲ್, ಟ್ರೆಬಲ್ ತಿರುಗಣೆಗಳು, ಮತ್ತೆ 50, 25, ಅರ್ಧ ವ್ಯಾಟ್ ಎಂದು ಶಕ್ತಿ ಆರಿಸಿಕೊಳ್ಳುವ ಸ್ವಿಚ್ಚು. ಅರ್ಧ ವ್ಯಾಟ್ ಎಂದರೆ ಪಿಸುಮಾತು ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಗಿಟಾರ್ ಸ್ಪೀಕರುಗಳು ಬಹಳ ಚುರುಕು. ಅರ್ಧ ವ್ಯಾಟನ್ನು ಪೂರ್ತಿ ಬಿಟ್ಟರೆ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಆಸುಪಾಸು ಬರಬಲ್ಲದು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಅರ್ಧ ವ್ಯಾಟಿನ ಉಪಯೋಗ ಬೇರೆ: ಮಾಸ್ಟರ್ ವಾಲ್ಯೂಮ್ ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿದರೆ ಮನೆ ಹಾರಿಹೋಗುವ ಭಯವಿಲ್ಲದೆ, ಮಾತಿನ ಮಟ್ಟದಲ್ಲಿ ಆರಾಮಾಗಿ ಹೊಂದಿಸಿಕೊಳ್ಳಬಹುದು.

ರಾತ್ರಿಗಂತೂ ಹೆಡ್‌ಫೋನೇ ಗತಿ. ಜ್ಯಾಕ್ ಚುಚ್ಚಿದೊಡನೆ ಸ್ಪೀಕರ್ ಸುಮ್ಮನಾಗುತ್ತದೆ. ನನ್ನ ಕಿವಿಯಲ್ಲಿ ದೊಡ್ಡ ಆಂಪ್ಲಿಫೈಯರ್ ಮೊಳಗುತ್ತಿದ್ದರೆ ಹೊರಗಿನವರಿಗೆ ಕೇಳುವುದು ತಂತಿಯ ಟಿಕ್ ಟಿಕ್ ಅಷ್ಟೇ. "ಯಾರೋ ಕೂತು ಹುರುಳಿಕಾಯಿ ಮುರಿದ ಹಾಗಿರುತ್ತೆ" ಎಂದು ಮನೆಯವಳ ವರ್ಣನೆ. ಕೆಳಮನೆಯ ಕಾಕೂ ಲಿಫ್ಟಿನಲ್ಲಿ ಸಿಕ್ಕಾಗ, "ಗಿಟಾರ್ ಬಿಟ್ಟುಬಿಟ್ಟಿರಾ?" ಎಂದು ಮರಾಠಿಯಲ್ಲಿ ಕೇಳಿದರು. ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇರೆ ಬೇಕೆ?

ಈ ಆರು ವಾರದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಧ್ವನಿಯದ್ದಲ್ಲ, ಹೊತ್ತಿನದು. ರಾತ್ರಿ ಹತ್ತಕ್ಕೆ ಶುರು ಮಾಡಿ ಇಪ್ಪತ್ತೈದು ನಿಮಿಷ ನುಡಿಸಲು ಯಾರ ಅನುಮತಿಯೂ ಬೇಡ. ಮೊದಲ ಹದಿನೈದು ನಿಮಿಷ ಕ್ಲೀನ್ ಧ್ವನಿ, ಪ್ರತಿಧ್ವನಿ ಸೊನ್ನೆ, ಮೆಟ್ರೊನೋಮ್ 60ಕ್ಕೆ. ಹೆಡ್‌ಫೋನ್ ನಿರ್ದಯಿ. ಮುಟ್ಟಬಾರದ ತಂತಿ ಮಿಡಿದರೂ ಕೇಳುತ್ತದೆ, ತಂತಿ ಎಳೆದು ಮೀಂಡ್ ಮಾಡುವಾಗ ಸ್ವರ ಮುಟ್ಟುವ ಮೊದಲೇ ನಿಂತರೂ ಕೇಳುತ್ತದೆ. ಶರೀಫರ ಪದಗಳಲ್ಲಿ ಇಂಥ ಎಳೆತಗಳೇ ಜೀವ. ಫೋನಿನಿಂದ ವೈರಿನ ಮೂಲಕ ತಂಬೂರಿ ಆಪಿನ ಶ್ರುತಿ ಕೊಟ್ಟುಕೊಂಡು ಅವನ್ನೇ ತಿದ್ದಿದೆ. ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ನೇರ ರೆಕಾರ್ಡ್ ಆಗುತ್ತದೆ. ರಾತ್ರಿ ನುಡಿಸಿದ್ದನ್ನು ಮರುದಿನ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಕೇಳುವುದು ನನ್ನ ಹೊಸ ಚಟ.

ಒಂದು ಎಚ್ಚರಿಕೆ: ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ನುಡಿಸುವ ಯೋಚನೆ ಬೇಡ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಆಂಪ್ಲಿಫೈಯರಿನಿಂದ ಮೂರು ಮೀಟರ್ ದೂರ ನಿಂತರೆ 9 ಮಿಲಿಸೆಕೆಂಡ್ ತಡ; ಅದು ಯಾರಿಗೂ ತಿಳಿಯದು. ಸಾಮಾನ್ಯ ಬ್ಲೂಟೂತಿನಲ್ಲಿ 100ರಿಂದ 200 ಮಿಲಿಸೆಕೆಂಡ್ ತಡವಾಗುತ್ತದೆ. ಅಂದರೆ 34 ಮೀಟರಿನಿಂದ 68 ಮೀಟರ್ ಆಚೆ ಇಟ್ಟ ಪೆಟ್ಟಿಗೆಯನ್ನು ಕೇಳುತ್ತಾ ನುಡಿಸಿದಂತೆ. ಜೊತೆಗೆ ಓಡುವ ಹಾಡು ಕೇಳಲು ಬ್ಲೂಟೂತ್ ನಡೆದೀತು, ಸ್ವಂತ ಬೆರಳಿನ ಸ್ವರ ಕೇಳಲು ವೈರೇ ಬೇಕು.

ಇನ್ನು ಜ್ಯಾಮಿಂಗ್. ಇಲ್ಲಿ ನಾನು ಬೇಕೆಂದೇ ಒಂದು ಪರೀಕ್ಷೆ ಮಾಡಿದೆ. ಹೆಡ್‌ಫೋನಿನಲ್ಲಿ ಅತ್ಯಂತ ಸೊಗಸಾಗಿ ಕೇಳುವ ಧ್ವನಿಯೊಂದನ್ನು ಕಟ್ಟಿದೆ. ಬೇಸ್ ಮುಕ್ಕಾಲು, ಟ್ರೆಬಲ್ ಮುಕ್ಕಾಲು, ಮಿಡಲ್ ಕಾಲು, ಮೇಲೆ ಧಾರಾಳ ರಿವರ್ಬ್. ಅದನ್ನು ಮೆಮೊರಿಯಲ್ಲಿ ಉಳಿಸಿಕೊಂಡು, ಹನ್ನೊಂದು ಚಿಲ್ಲರೆ ಕಿಲೋ ತೂಕದ ಪೆಟ್ಟಿಗೆಯನ್ನು ಲಿಫ್ಟಿನಲ್ಲಿ ಇಳಿಸಿ ಕ್ಲಬ್‌ಹೌಸಿಗೆ ಒಯ್ದೆ. ಕೋಣೆಯ ನಡುವೆ ಫೋನಿಟ್ಟು ಒಂದು ಹಾಡು ರೆಕಾರ್ಡ್ ಮಾಡಿದೆವು. ಆಮೇಲೆ ಅದೇ ಹಾಡು, ಅದೇ ಜಾಗ, ಆದರೆ ಬೇಸ್ ಅರ್ಧಕ್ಕಿಂತ ಕಡಿಮೆ, ಮಿಡಲ್ ಅರ್ಧಕ್ಕಿಂತ ಹೆಚ್ಚು, ರಿವರ್ಬ್ ಸೊನ್ನೆ, ಒಟ್ಟು ವಾಲ್ಯೂಮೂ ಸ್ವಲ್ಪ ಕಡಿಮೆ.

ಮೊದಲ ರೆಕಾರ್ಡಿಂಗಿನಲ್ಲಿ ಗದ್ದಲವಿದೆ, ಗಿಟಾರ್ ಇಲ್ಲ. ತಗ್ಗಿನ ಸ್ವರಗಳೆಲ್ಲ ಬೇಸ್ ಗಿಟಾರಿನಲ್ಲಿ ಮುಳುಗಿವೆ, ಮೇಲಿನ ಚೂಪು ಕಹೋನಿನ ಏಟುಗಳ ಜೊತೆ ಗುದ್ದಾಡುತ್ತಿದೆ. ಎರಡನೆಯದರಲ್ಲಿ ವಾಲ್ಯೂಮ್ ಕಡಿಮೆಯಿದ್ದರೂ ಪ್ರತಿ ಸ್ವರ ಕೇಳುತ್ತದೆ. ಬೇಸ್ ಗೆಳೆಯ ಅಂದದ್ದು: "ಈಗ ನೋಡು, ನೀನೂ ಬಂದೀಯಂತ ಗೊತ್ತಾತು."

ಇದರಲ್ಲಿ ಪೆಟ್ಟಿಗೆಯ ತಪ್ಪೇನಿಲ್ಲ, ಇದು ನಮ್ಮ ಕಿವಿಯ ಸ್ವಭಾವ. ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಂತೆ, ಶಬ್ದ ಮೆಲ್ಲಗಿದ್ದಾಗ ಕಿವಿಗೆ ತೀರಾ ತಗ್ಗಿನ ಮತ್ತು ತೀರಾ ಮೇಲಿನ ಸ್ವರಗಳು ಸರಿಯಾಗಿ ಕೇಳುವುದಿಲ್ಲ. ಆದ್ದರಿಂದ ಮನೆಯಲ್ಲಿ ನಾವು ಎರಡು ತುದಿಗಳನ್ನೂ ಏರಿಸಿಕೊಳ್ಳುತ್ತೇವೆ. ಅದೇ ಧ್ವನಿಯನ್ನು ಜೋರು ಮಾಡಿದರೆ ಕೆಳಗೆ ಗುಂಯ್, ಮೇಲೆ ಚುರ್. ಎರಡನೆಯ ಕಾರಣ ಜಾಗದ ಹಂಚಿಕೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಬೇಸಿನದು ಅದರ ಅರ್ಧ, 41. ಕೆಳಗಿನ ಮನೆ ಬೇಸಿನದ್ದು, ಅಲ್ಲಿ ನಮಗೆ ಕೆಲಸವಿಲ್ಲ. ಗಿಟಾರಿನ ಮನೆ ನಡುವಿನ ಅಂತಸ್ತು. ಆದರೆ ಹಾಡುವ ಕಂಠ ಮತ್ತು ಹಾರ್ಮೋನಿಯಂ ಕೂಡ ಅಲ್ಲೇ ವಾಸ. ಅದಕ್ಕೆ ತಿರುಗಣೆಯಲ್ಲಿ ಪರಿಹಾರವಿಲ್ಲ, ಕೈಯಲ್ಲಿದೆ. ಸಾಲು ಹಾಡುವಾಗ ಸುಮ್ಮನಿರಬೇಕು, ಸಾಲು ಮುಗಿದಾಗ ಮಾತಾಡಬೇಕು. ನಮ್ಮ ಗಾಯಕರ ಶ್ರುತಿ ಕಪ್ಪು ಒಂದು. ಮೊದಲ ಮನೆಗೆ ಕ್ಯಾಪೋ ಹಾಕಿ ಸಿ ಕಾರ್ಡಿನ ಆಕಾರದಲ್ಲಿ ಮೂರು ತಂತಿಯಷ್ಟೇ ಮೀಟಿದರೂ ಹಾಡು ತುಂಬುತ್ತದೆ. ಧ್ವನಿ ಒಡೆಯುವ ಬ್ರೌನ್, ಲೀಡ್ ಎಲ್ಲ ಹಾರ್ಮೋನಿಯಂ ಮುಂದೆ ಕೆಸರಾಗುತ್ತವೆ. ಕ್ಲೀನ್ ಅಥವಾ ಎಳ್ಳಷ್ಟು ಕ್ರಂಚ್ ಸಾಕು.

ಈಗ ನನ್ನ ಮೆಮೊರಿಯಲ್ಲಿ ಇರುವುದು ಎರಡೇ ಧ್ವನಿ: ಒಂದಕ್ಕೆ 'ಮನೆ', ಇನ್ನೊಂದಕ್ಕೆ 'ಕ್ಲಬ್‌ಹೌಸ್' ಎಂದು ಹೆಸರಿಟ್ಟುಕೊಂಡಿದ್ದೇನೆ. ಮಾಡೆಲಿಂಗ್ ಪೆಟ್ಟಿಗೆಗಳ ದೊಡ್ಡ ಆಮಿಷ ಅವುಗಳ ಆಯ್ಕೆ. ನೂರಾರು ಪ್ರಿಸೆಟ್ ಇಳಿಸಿಕೊಂಡು ಒಂದೊಂದನ್ನೂ ನೋಡುತ್ತಾ ಕೂತರೆ ಇಪ್ಪತ್ತೈದು ನಿಮಿಷ ಹೋದದ್ದೇ ತಿಳಿಯುವುದಿಲ್ಲ, ಬೆರಳು ಮಾತ್ರ ಇದ್ದಲ್ಲೇ ಇರುತ್ತದೆ. ಧ್ವನಿ ಹುಡುಕುವುದಕ್ಕೆ ಶನಿವಾರ ಮಧ್ಯಾಹ್ನ, ನುಡಿಸುವುದಕ್ಕೆ ಉಳಿದ ದಿನಗಳು ಎಂಬುದು ನನ್ನ ವ್ಯವಸ್ಥೆ.

ಕೊಳ್ಳಬೇಕೆಂದಿರುವವರಿಗೆ ಮೂರು ಮಾತು. ಅಂಗಡಿಗೆ ನಿಮ್ಮದೇ ಗಿಟಾರ್, ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ಹೆಡ್‌ಫೋನಿನಲ್ಲಿ ಹಿತವಾಗಿಲ್ಲದಿದ್ದರೆ ಫ್ಲ್ಯಾಟಿನಲ್ಲಿ ಅದು ಮೂಲೆಗೆ. ವ್ಯಾಟಿನ ಅಂಕಿಗೆ ಮರುಳಾಗಬೇಡಿ. 50ರಿಂದ 100ಕ್ಕೆ ಹೋದರೆ ಹೆಚ್ಚುವುದು ಬರೀ 3 ಡೆಸಿಬೆಲ್. ನೀವು ಜ್ಯಾಮ್ ಮಾಡುವುದು ಗಂಟೆ ಲೆಕ್ಕದ ಬಾಡಿಗೆ ಸ್ಟುಡಿಯೋದಲ್ಲಾದರೆ ಅಲ್ಲಿ ಆಂಪ್ಲಿಫೈಯರ್ ಇದ್ದೇ ಇರುತ್ತದೆ, ಮನೆಗೆ ಚಿಕ್ಕದು ಸಾಕು.

ಗೆಳೆಯ ವಾಪಸ್ ಬಂದೊಡನೆ ಪೆಟ್ಟಿಗೆ ಅವನ ಮನೆ ಸೇರುತ್ತದೆ. ನಾನು ಇಂಥದೇ ಒಂದನ್ನು ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಜನವರಿಯ ಬಗ್ಗೆಯೂ ನಾವು ಮಾತಾಡಿಕೊಂಡಿದ್ದೇವೆ. ಪುಣೆ, ಹುಬ್ಬಳ್ಳಿ ನಡುವೆ ವಿಡಿಯೋ ಕರೆಯಲ್ಲಿ ಕೂಡಿ ನುಡಿಸುವುದು ಆಗದ ಮಾತು. ಬ್ಲೂಟೂತಿನ ಕಥೆಯೇ ಅಲ್ಲೂ. ಅವನು ಬೇಸ್ ನುಡಿಸಿ ಕಳಿಸುತ್ತಾನೆ, ನಾನು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅದರ ಮೇಲೆ ನುಡಿಸಿ ವಾಪಸ್ ಕಳಿಸುತ್ತೇನೆ. ಅಭ್ಯಾಸ ನಿಲ್ಲುವುದಿಲ್ಲ. ಆದರೆ ನಾನು ಜಾಸ್ತಿ ನುಡಿಸಿದರೆ ಹುಬ್ಬು ಹಾರಿಸಿ ನೋಡುವವನು ಆ ಫೈಲಿನಲ್ಲಿ ಇರುವುದಿಲ್ಲ. ಅದಕ್ಕೇ ರಾಜ್ಯೋತ್ಸವದವರೆಗೆ ಉಳಿದಿರುವ ಮೂರು ಭಾನುವಾರಗಳನ್ನು ಯಾರೂ ತಪ್ಪಿಸಬಾರದು ಎಂದು ನಾಲ್ವರೂ ಒಪ್ಪಿಕೊಂಡಿದ್ದೇವೆ.