‘ಚೆನ್ನಾಗಿದೆ’ ಎಂದರೆ ಸಾಲದು

ನಮ್ಮ ಮನೆಗಳಲ್ಲಿ ಸಾರಿಗೆ ಉಪ್ಪು ಒಂದು ಚಿಟಿಕೆ ಕಡಿಮೆಯಾದರೆ ಹೇಳಲು ಯಾರಿಗೂ ಸಂಕೋಚವಿಲ್ಲ. ಗಂಡ ಹೇಳುತ್ತಾನೆ, ಮಗ ಹೇಳುತ್ತಾನೆ, ಎರಡು ದಿನಕ್ಕೆಂದು ಬಂದ ನೆಂಟರೂ ಹೇಳುತ್ತಾರೆ. ಅದೇ ಹೆಂಗಸು ರಾತ್ರಿ ನಿದ್ದೆಗೆಟ್ಟು ಒಂದು ಪುಸ್ತಕದ ಮುಖಪುಟವನ್ನೋ ಅಂಗಡಿಯ ಲೋಗೋವನ್ನೋ ಮಾಡಿ ತೋರಿಸಲಿ, ಎಲ್ಲರೂ ಇದ್ದಕ್ಕಿದ್ದಂತೆ ಮಹಾ ಉದಾರಿಗಳಾಗಿಬಿಡುತ್ತಾರೆ. ‘ತುಂಬಾ ಚೆನ್ನಾಗಿದೆ ಕಣೇ’ ಎಂದು ಟಿ.ವಿ.ಯ ಕಡೆ ತಿರುಗುತ್ತಾರೆ. ಈ ಔದಾರ್ಯದ ಗುಟ್ಟು ದೊಡ್ಡದೇನಲ್ಲ. ಸಾರನ್ನು ಅವರು ಉಣ್ಣಬೇಕು, ಡಿಸೈನನ್ನು ಉಣ್ಣಬೇಕಾಗಿಲ್ಲ.

ಗ್ರಾಫಿಕ್ ಡಿಸೈನ್ ಕಲಿತ ಹುಡುಗಿಯರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಮಗುವನ್ನು ಶಾಲೆಗೆ ಕಳಿಸಿ, ಮನೆಯಲ್ಲೇ ಕೂತು ಲಗ್ನಪತ್ರಿಕೆ, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು ಮಾಡಿಕೊಡುವವರೂ ಇದ್ದಾರೆ. ಇವರಿಗೆ ಡಿಗ್ರಿಗಿಂತ ಹೆಚ್ಚಿನದು ಪೋರ್ಟ್‌ಫೋಲಿಯೋ, ಅಂದರೆ ತಾವು ಮಾಡಿದ ಕೆಲಸಗಳ ಆಯ್ದ ಕಟ್ಟು. ಮುದ್ರಣಾಲಯವೊಂದರಲ್ಲಿ ಹತ್ತು ವರ್ಷ ಪುಟ ಕಟ್ಟಿದವಳೆಂದು ಕೆಲವರು ಅದನ್ನು ನನ್ನ ಬಳಿ ತರುತ್ತಾರೆ. ಮೂವತ್ತು ನಲವತ್ತು ಕೆಲಸ ತುರುಕಿರುತ್ತಾರೆ. ಇದರಲ್ಲಿ ಹತ್ತು ಸಾಕು, ಉಳಿದದ್ದು ತೆಗೆ ಎಂದು ಒಬ್ಬರೂ ಹೇಳಿರುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪೋಣ. ಓಣಿಯವರೆಲ್ಲ ಸೇರಿ ಮುದ್ದಾಡಿದರೆ ಹೇಗೆ?

‘ಚೆನ್ನಾಗಿದೆ’ ಎಂದವರು ನೋಡದೇ ಬಿಟ್ಟದ್ದು ಏನೇನು ಗೊತ್ತೆ? ಇಂಗ್ಲಿಷಿಗೆ ಸಾಲುವಷ್ಟೇ ಅಂತರವನ್ನು ಕನ್ನಡದ ಸಾಲುಗಳ ನಡುವೆಯೂ ಬಿಟ್ಟಿರುತ್ತಾರೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಬೀಳುತ್ತವೆ, ಗುಡಿಸು, ಎತ್ವಗಳು ನೆತ್ತಿಯ ಮೇಲೆ ಕೂರುತ್ತವೆ. ‘ರಾಷ್ಟ್ರ’ದ ಕಾಲು ಕೆಳಗಿನ ಸಾಲಿನ ‘ಕಿವಿ’ಗೆ ತಾಗುತ್ತದೆ! ಪರದೆಯ ಮೇಲೆ ಥಳಥಳಿಸುವ ಹಸಿರು ಕಾಗದಕ್ಕೆ ಇಳಿದಾಗ ಬಾಡುತ್ತದೆ. ಪರದೆಯದು ಬೆಳಕಿನ ಮೂರು ಬಣ್ಣ, ಅಚ್ಚಿನದು ಮಸಿಯ ನಾಲ್ಕು. ಅಂಚಿನ ತನಕ ಬಣ್ಣ ಬೇಕಾದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚಿಗೆ ಹರಡಿರಬೇಕು, ಇಲ್ಲವಾದರೆ ಕತ್ತರಿಸಿದಾಗ ಬಿಳಿ ಗೆರೆ ಉಳಿಯುತ್ತದೆ. ಸಣ್ಣ ಕಪ್ಪು ಅಕ್ಷರವನ್ನು ನಾಲ್ಕೂ ಮಸಿ ಬೆರೆಸಿ ಮಾಡಿದರೆ, ಅಚ್ಚು ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಅಂಟಿಕೊಳ್ಳುತ್ತದೆ. ಪ್ರೆಸ್ಸಿನ ಮಷಿನ್‌ಮನ್ ಇದನ್ನೆಲ್ಲ ಒಂದೇ ನೋಟಕ್ಕೆ ಹೇಳಬಲ್ಲ. ಹುಡುಗರು ಪ್ರೆಸ್ಸಿನ ಬಾಗಿಲಲ್ಲಿ ಟೀ ಕುಡಿಯುತ್ತ, ಅವನಿಂದ ಬೈಸಿಕೊಳ್ಳುತ್ತಲೇ ಕೆಲಸ ಕಲಿಯುತ್ತಾರೆ. ಹುಡುಗಿಗೆ ಮಾತ್ರ, ‘ನೀನ್ಯಾಕೆ ಅಲ್ಲಿಗೆ ಹೋಗುತ್ತಿ, ಫೋನಿನಲ್ಲೇ ಕಳಿಸು’.

ಇದು ಬರೀ ಸಂಕೋಚದ ಮಾತಲ್ಲ. ನಾನು ದುಡಿದ ಕಡೆ ಮಾಲೀಕರು ಹುಡುಗರ ಪುಟಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಚಿ ಗೀಚಿ ಹಿಂದಕ್ಕೆ ಕಳಿಸುತ್ತಿದ್ದರು. ನನಗೆ ‘ಗುಡ್ ಮೇಡಂ’. ಎರಡು ವರ್ಷ ಕಳೆದ ಮೇಲೆ ಮುಖಪುಟದ ಕೆಲಸವೂ ಅದರ ಸಂಬಳವೂ ಸಿಕ್ಕಿದ್ದು ಗೀಚಿಸಿಕೊಂಡ ಹುಡುಗನಿಗೆ. ತಪ್ಪು ತೋರಿಸುವುದೆಂದರೆ ಈಕೆ ಬೆಳೆಯುತ್ತಾಳೆಂದು ನಂಬುವುದು. ಆ ನಂಬಿಕೆ ಇಲ್ಲದವರು ಹೊಗಳಿ ಕೂರಿಸುತ್ತಾರೆ.

1961ರಲ್ಲಿ ಶುರುವಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ‘ಜ್ಯೂರಿ’ ಎಂಬ ಪದ್ಧತಿ ಇದೆ. ವಿದ್ಯಾರ್ಥಿ ತನ್ನ ಕೆಲಸವನ್ನು ಮೇಷ್ಟರುಗಳ ಮುಂದೆ ಇಟ್ಟು, ಇದು ಹೀಗೇಕೆ, ಅದು ಹಾಗೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅಂಥ ಜ್ಯೂರಿಯನ್ನು ನಾವು ಹಿತ್ತಿಲಲ್ಲೇ ಕಟ್ಟಿಕೊಳ್ಳಬಹುದು, ಆದರೆ ಕೇಳುವ ರೀತಿ ಬದಲಾಗಬೇಕು. ‘ಹೇಗಿದೆ?’ ಎಂದು ಕೇಳುವುದು ಹೊಗಳಿಕೆಗೆ ಕೈಯೊಡ್ಡಿದಂತೆ. ಪಕ್ಕದ ಮನೆಯ ಅಜ್ಜಿಗೆ ಪೋಸ್ಟರನ್ನು ಐದು ಎಣಿಸುವಷ್ಟು ಹೊತ್ತು ತೋರಿಸಿ, ಮಗುಚಿಡಿ. ‘ಅಜ್ಜಿ, ಕಾರ್ಯಕ್ರಮ ಯಾವತ್ತು? ಎಲ್ಲಿ?’ ಎಂದು ಕೇಳಿ. ಆಕೆ ‘ಮೂಲೆಯಲ್ಲಿ ಒಂದು ನವಿಲು ಇತ್ತಪ್ಪ’ ಎಂದರೆ ನವಿಲು ಹೋಗಬೇಕು, ಎಷ್ಟೇ ಮುದ್ದಾಗಿರಲಿ.

ಇನ್ನು ‘ನನಗೆ ಹಿಡಿಸಲಿಲ್ಲ’ ಎಂಬವರು. ಅವರ ಮಾತಿಗೂ ‘ಚೆನ್ನಾಗಿದೆ’ಯಷ್ಟೇ ತೂಕ. 1971ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಡಿಸೈನ್ ಓದುತ್ತಿದ್ದ ಕ್ಯಾರೊಲಿನ್ ಡೇವಿಡ್‌ಸನ್ ಎಂಬಾಕೆ ನೈಕಿ ಕಂಪನಿಗೆ ಈಗ ಜಗತ್ತಿಗೇ ಗೊತ್ತಿರುವ ಆ ಗುರುತನ್ನು ಬರೆದುಕೊಟ್ಟಾಗ, ಕಂಪನಿಯ ಫಿಲ್ ನೈಟ್‌ಗೆ ಅದು ಅಷ್ಟೇನೂ ಹಿಡಿಸಿರಲಿಲ್ಲವಂತೆ. ಆಕೆಗೆ ಕೊಟ್ಟದ್ದು 35 ಡಾಲರ್. (ಷೇರುಗಳನ್ನು ಕೊಟ್ಟದ್ದು 1983ರಲ್ಲಿ.) ಹಿಡಿಸಲಿಲ್ಲ ಎನ್ನುವವರನ್ನು ಎಲ್ಲಿ, ಯಾಕೆ ಎಂದು ಕೇಳಿ. ಅಕ್ಷರ ಓದಲಾಗುತ್ತಿಲ್ಲ ಎಂದರೆ ತಿದ್ದಿ. ತಮಗೆ ನೇರಳೆ ಬಣ್ಣವೇ ಆಗದು ಎಂದರೆ ನಕ್ಕು ಸುಮ್ಮನಾಗಿ.

ತಿದ್ದಿದ ಮೇಲೆ ಮೊದಲಿನ ಕರಡನ್ನು ಎಸೆಯಬೇಡಿ. ಪೋರ್ಟ್‌ಫೋಲಿಯೋದಲ್ಲಿ ಒಂದೆರಡು ಕೆಲಸಕ್ಕಾದರೂ ಮೊದಲ ರೂಪ, ಬಂದ ಆಕ್ಷೇಪ, ಕೊನೆಯ ರೂಪ ಮೂರನ್ನೂ ಒಟ್ಟಿಗೆ ಇಡಿ. ಕೆಲಸ ಕೊಡುವವನು ನಿಮ್ಮ ತಲೆ ಓಡುವ ಬಗೆಯನ್ನು ಅಲ್ಲಿ ನೋಡುತ್ತಾನೆ. ಅವನೂ ‘ಚೆನ್ನಾಗಿದೆ ಮೇಡಂ, ನಮಗೊಂದು ಫ್ರೀಯಾಗಿ ಮಾಡಿ ತೋರಿಸಿ’ ಎಂದರೆ, ಆ ಕಟ್ಟನ್ನು ಮಡಚಿಕೊಂಡು ಎದ್ದು ಬನ್ನಿ.