ಬೇಸಿಗೆ ರಜೆಯ ಕಾದಂಬರಿಯಲ್ಲಿ ಶೋಕದ ಸ್ಥಾನ

ತರುಣ ಓದುಗರಿಗಾಗಿ ಅಮೆರಿಕದಲ್ಲಿ ಬರೆಯಲಾಗುವ ಬೇಸಿಗೆ ರಜೆಯ ಕಾದಂಬರಿಗಳನ್ನು ವಿಮರ್ಶೆ ಸಾಮಾನ್ಯವಾಗಿ ಲಘುವಾಗಿಯೇ ಕಾಣುತ್ತದೆ. ಕಡಲತೀರದ ಒಂದು ಮನೆ, ಒಬ್ಬ ಹುಡುಗಿ, ಅವಳ ಮನಸ್ಸನ್ನು ಸೆಳೆಯುವ ಇಬ್ಬರು ಸೋದರರು. ‘ದ ಸಮ್ಮರ್ ಐ ಟರ್ನ್ಡ್ ಪ್ರೆಟಿ’ಯಿಂದ ಆರಂಭವಾಗುವ ಜೆನ್ನಿ ಹಾನ್ ಅವರ ಕಾದಂಬರಿತ್ರಯವನ್ನೂ (2009–2011) ಇಷ್ಟಕ್ಕೇ ಇಳಿಸಿ ನೋಡಲಾಗಿದೆ. 2022ರಲ್ಲಿ ಅದು ದೃಶ್ಯಸರಣಿಯಾದ ಮೇಲಂತೂ ಬೆಲ್ಲಿ ಯಾರನ್ನು ವರಿಸಬೇಕೆಂಬ ಪಂಗಡಗಳ ವಾದವೇ ಚರ್ಚೆಯೆನಿಸಿಕೊಂಡಿತು. ಇದು ಕೃತಿಯ ಪ್ರಧಾನ ರಸವನ್ನೇ ತಪ್ಪಾಗಿ ಗುರುತಿಸಿದ ಓದು.

ಶೃಂಗಾರಕ್ಕೂ ಕರುಣಕ್ಕೂ ವಿರೋಧವುಂಟೆಂಬುದು ಆಲಂಕಾರಿಕರ ಸಾಮಾನ್ಯ ನಿಲುವು. ಆದರೆ ಒಂದು ಮತ್ತೊಂದಕ್ಕೆ ಅಂಗವಾದಾಗ ವಿರೋಧ ಅಳಿದು ಪೋಷಣೆಯಾಗುತ್ತದೆಂದು ಆನಂದವರ್ಧನ ತೋರಿಸುತ್ತಾನೆ. ಅವನ ಉದಾಹರಣೆ ಮಹಾಭಾರತದ ಸ್ತ್ರೀಪರ್ವದ್ದು: ರಣಭೂಮಿಯಲ್ಲಿ ಕಡಿದುಬಿದ್ದ ಭೂರಿಶ್ರವಸನ ಕೈಯನ್ನು ಕಂಡು, ಅದೇ ಕೈಯ ಪ್ರಣಯಚೇಷ್ಟೆಗಳನ್ನು ನೆನೆದು ರೋದಿಸುವ ಸನ್ನಿವೇಶ. ನೆನಪಿನ ಶೃಂಗಾರ ಅಲ್ಲಿ ಶೋಕವನ್ನೇ ತೀವ್ರಗೊಳಿಸುತ್ತದೆ. ಹದಿಹರೆಯದ ಕಥೆಗೆ ಈ ಅಳತೆಗೋಲು ಭಾರವಾಯಿತೆನ್ನುವವರು ಹಾನ್ ಅವರ ಮೊದಲ ಸಂಪುಟವನ್ನು ಕೊನೆಯವರೆಗೆ ಓದಿರಲಾರರು.

ಆ ಹುಡುಗರ ತಾಯಿ ಸುಸಾನಾಳ ಕ್ಯಾನ್ಸರ್ ಮರಳಿ ಬಂದಿರುವುದು ಬೆಲ್ಲಿಗೆ ತಿಳಿಯದು. ಹಿರಿಯ ಮಗ ಕಾನ್ರಾಡನ ಮುನಿಸನ್ನೂ ಮೌನವನ್ನೂ ಅವಳು ತನ್ನ ಪ್ರೇಮದ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾಳೆ. ಸತ್ಯ ಹೊರಬಿದ್ದಾಗ, ಅದುವರೆಗೆ ಪ್ರಣಯದ ವಿಭಾವಗಳಂತೆ ಕಂಡ ಕಡಲು, ಈಜುಕೊಳ, ಇರುಳ ಮಾತುಗಳೆಲ್ಲ ಶೋಕದ ಸಾಮಗ್ರಿಯಾಗಿ ತಿರುಗುತ್ತವೆ.

ಇಲ್ಲಿ ನಿಜವಾಗಿ ಗಮನಿಸಬೇಕಾದ ಸಂಬಂಧ ಬೇರೆ. ಬೆಲ್ಲಿಯ ತಾಯಿ ಲಾರೆಲ್ ಮತ್ತು ಸುಸಾನಾ ಒಡಹುಟ್ಟಿದವರಲ್ಲ. ಆದರೂ ಅವರದು ಅಕ್ಕತಂಗಿಯರ ಬಾಳು. ಲಾರೆಲಳ ದಾಂಪತ್ಯ ಮುರಿದ ಮೇಲೂ ಈ ಬೇಸಿಗೆಯ ಒಡನಾಟ ಮುರಿಯಲಿಲ್ಲ. ಎರಡನೆಯ ಸಂಪುಟದಲ್ಲಿ ಸುಸಾನಾ ಇಲ್ಲ. ಲಾರೆಲ್ ಮಗಳೆದುರು ದುಃಖವನ್ನು ತೋಡಿಕೊಳ್ಳುವವಳಲ್ಲ. ಮಗಳಿಗೆ ಅದು ನಿರ್ಲಿಪ್ತತೆಯಂತೆ ತೋರುತ್ತದೆ. ಆದರೆ ಮನೆಯನ್ನು ಮಾರಲು ಹೊರಟ ಹುಡುಗರ ತಂದೆಯ ಮನವೊಲಿಸಿ ಅದನ್ನು ಉಳಿಸುವವಳು ಅವಳೇ. ಅಳುವಿನ ವರ್ಣನೆಗಿಂತ ಹೆಚ್ಚಿನದನ್ನು ಈ ಒಂದು ಕ್ರಿಯೆ ಸೂಚಿಸುತ್ತದೆ. ಧ್ವನಿಯೆಂದರೆ ಇಂಥದ್ದೇ.

ಮೂರನೆಯ ಸಂಪುಟ ಈ ಎತ್ತರವನ್ನು ಉಳಿಸಿಕೊಂಡಿಲ್ಲ. ಕಿರಿಯ ಸೋದರ ಜೆರೆಮಾಯಾನೊಂದಿಗೆ ಮದುವೆಯ ಸಿದ್ಧತೆ, ಅದರ ವಿಘಟನೆ, ಕಡೆಗೆ ಕಾನ್ರಾಡನೊಡನೆ ವಿವಾಹ: ಅಂಗವಾಗಿದ್ದ ಶೃಂಗಾರ ಇಲ್ಲಿ ಪ್ರಧಾನವಾಗಲು ಹವಣಿಸುತ್ತದೆ. ಮದುವೆಗೆ ಮೊದಲು ಒಪ್ಪದ ಲಾರೆಲಳ ನಿಲುವಿನಲ್ಲಿ ಮಾತ್ರ ಹಳೆಯ ಶೋಕದ ಬಿಸಿ ಉಳಿದಿದೆ. ಗೆಳತಿಯ ಮಗನೇ ಅಳಿಯನಾಗುವ ಗಳಿಗೆಯಲ್ಲಿ ಆ ಗೆಳತಿಯೇ ಇಲ್ಲ. ಕಾದಂಬರಿಕಾರ್ತಿ ಇಲ್ಲಿ ಇನ್ನಷ್ಟು ಹೊತ್ತು ನಿಲ್ಲಬಹುದಿತ್ತು.